ಹಾಡು: ಹೇಮ, ಸುಬ್ಬು. ಗಿಟಾರ್: ಸೋಲಿ

"ನಿಮ್ಮ ಯಜಮಾನರ ದನಿ ಎಷ್ಟು ಚೆನ್ನಾಗಿದೆ ಮೇಡಂ! ಹಾಡ್ತಾ ಹಾಡ್ತಾನೇ ಲವ್ ಆಯ್ತಾ ನಿಮಗಿಬ್ಬರಿಗೂ?"

ಹೇಮಲತಾ ತುಟಿಗೆ ಒಯ್ದಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟಳು. ಎದುರಿಗೆ ಕೂತಿದ್ದ ಹುಡುಗಿಯ ಮುಖದಲ್ಲಿ ಕುಚೇಷ್ಟೆ ಇರಲಿಲ್ಲ, ಬರೀ ಸಂಭ್ರಮವಿತ್ತು.

"ಅವನು ನನ್ನ ಗಂಡ ಅಲ್ಲ ಮಾರಾಯ್ತಿ. ಅಣ್ಣ. ಒಡಹುಟ್ಟಿದ ಅಣ್ಣ."

ಹುಡುಗಿಯ ಕೆನ್ನೆ ಕೆಂಪಾಯಿತು. "ಅಯ್ಯೋ! ಸಾರಿ ಮೇಡಂ. ಅದು... ಹಾಡುಗಳಲ್ಲಿ ಅಷ್ಟೊಂದು ಪ್ರೀತಿ ಇದೆಯಲ್ಲಾ, ಅದಕ್ಕೇ..." ನಾಲಿಗೆ ಕಚ್ಚಿಕೊಂಡಳು. ಆದರೆ ಕುತೂಹಲ ತಡೆಯಲಾಗಲಿಲ್ಲ. "ಹಾಗಾದ್ರೆ ಇವನ್ನೆಲ್ಲ ಯಾರಿಗೆ ಅಂತ ಹಾಡಿದ್ರಿ?"

ಹೇಮಲತಾ ನಕ್ಕಳು.

ಹುಡುಗಿಯ ಹೆಸರು ಆಶ್ರಿತಾ. ಮೈಸೂರಿನವಳು. ಅಹಮದಾಬಾದಿಗೆ ಡಿಸೈನ್ ಓದಲು ಬಂದು, ಅಲ್ಲೇ ಉಳಿದು, ನವರಂಗಪುರದಲ್ಲಿ ಒಂದು ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಗೆಳೆಯರ ಜೊತೆ ರೆಕಾರ್ಡ್ ಕಂಪನಿ ನಡೆಸುತ್ತಿದ್ದಳು. ಜನ ಮರೆತ ಹಾಡುಗಳನ್ನು ಹುಡುಕಿ, ಧೂಳು ಕೊಡವಿ, ಮತ್ತೆ ಹೊರತರುವುದು ಅವರ ಕೆಲಸ. ಸಾಬರಮತಿ ದಂಡೆಯ ಭಾನುವಾರದ ಸಂತೆಯಲ್ಲಿ, ತುಕ್ಕು ಹಿಡಿದ ಫ್ಯಾನುಗಳ ನಡುವೆ ಅವಳಿಗೆ ಆ ಎಲ್‌ಪಿ ಸಿಕ್ಕಿತ್ತು. ಹೊದಿಕೆಯ ಮೇಲೆ 'ಹೇಮ ಅಂಡ್ ಸುಬ್ಬು, ಬರೋಡಾ'. ಒಂದೇ ಮೈಕಿನ ಮುಂದೆ ಎರಡು ಎಳೆಯ ಮುಖಗಳು.

ಆ ಹೇಮ ಈಗ ಎಪ್ಪತ್ತಾರರ ಹೇಮಲತಾ. ಬರೋಡಾದಲ್ಲಿ, ಅಂದರೆ ಈಗಿನ ವಡೋದರಾದ ಸಯಾಜಿಗಂಜಿನಲ್ಲಿ, ಸ್ಟೇಷನ್ನಿಗೆ ಹತ್ತಿರ, ಉಡುಪಿ ಕಡೆಯಿಂದ ಬಂದ ಅವಳ ಅಪ್ಪ ತೆರೆದ 'ನವದುರ್ಗಾ ಲಂಚ್ ಹೋಮ್' ಇಂದಿಗೂ ಇತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಹೇಮಲತಾ ಮದುವೆಯಾಗಲಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾಗಿದ್ದಳು. ಅಣ್ಣ ಸುಬ್ರಹ್ಮಣ್ಯ ತೀರಿಕೊಂಡು ಎರಡು ವರ್ಷ. ಈಗ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂರುವುದು ಅವನ ಮಗಳು ಪೂಜಾ.

ಆಶ್ರಿತಾ ಲ್ಯಾಪ್‌ಟಾಪ್ ತೆರೆದು ಹಾಡು ಹಾಕಿದಳು.

*ಬಾಗಿಲು ತೆರೆದಿದೆ, ದೀಪ ಹಚ್ಚಿಲ್ಲ,*
*ಬರುವೆಯೆಂದರೆ ಬಾ, ಹೊತ್ತು ಮೀರಿಲ್ಲ...*

ತನ್ನ ಹತ್ತೊಂಬತ್ತರ ದನಿ. ಅದರ ಪಕ್ಕದಲ್ಲೇ, ತಂಗಿಯ ಕೈ ಹಿಡಿದು ರಸ್ತೆ ದಾಟುವವನಂತೆ, ಸುಬ್ಬಣ್ಣನ ದನಿ. ಹೇಮಲತಾ ಕಿಟಕಿಯ ಕಡೆ ತಿರುಗಿದಳು. ಆಶ್ರಿತಾ ಜಾಣೆ, ಅವಳನ್ನು ನೋಡದೆ ಪರದೆಯನ್ನೇ ನೋಡುತ್ತ ಕೂತಳು.

"ಸಾಹಿತ್ಯ, ಸಂಗೀತ ಎಲ್ಲಾ ನಿಮ್ಮಿಬ್ಬರದೇ ಅಂತ ಕವರ್ ಮೇಲಿದೆ. ಹಾಗೇ ಪ್ರಿಂಟ್ ಮಾಡೋದಲ್ವಾ ಮೇಡಂ?"

"ಬೇಡ," ಎಂದಳು ಹೇಮಲತಾ. ಇಷ್ಟು ಬೇಗ ಬಾಯಿಗೆ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ. "ಅದು ಸುಳ್ಳು. ನಮ್ಮ ಜೊತೆ ಇನ್ನೊಬ್ಬ ಇದ್ದ. ಗಿಟಾರ್ ಅವನದು, ರಾಗ ಎಲ್ಲ ಅವನದು. ಸೂರತ್‌ನಲ್ಲಿ ಇದ್ದಾನೆ."

"ಇನ್ನೂ ಟಚ್‌ನಲ್ಲಿ ಇದ್ದೀರಾ?"

"ಇಲ್ಲ."

ಸೂರತ್ ಎರಡು ಗಂಟೆಯ ರೈಲು ದಾರಿ. ಅವನು ಬೊಂಬಾಯಿ ಬಿಟ್ಟು ಅಲ್ಲಿಗೆ ಮರಳಿದ್ದು, ಮದುವೆಯಾದದ್ದು, ಹಜೀರಾದ ಕಂಪನಿ ಕಾಲೊನಿಗಳಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದದ್ದು, ಹೆಂಡತಿ ತೀರಿಹೋದದ್ದು, ಎಲ್ಲವೂ ಶಾಲೆಯ ಒಬ್ಬ ಪಾರ್ಸಿ ಟೀಚರ್ ಬಾಯಿಂದ ಅವಳ ಕಿವಿಗೆ ಬಿದ್ದಿತ್ತು. ಭೂಗೋಳದ ಟೀಚರಮ್ಮ ಮಕ್ಕಳಿಗೆ ನಕಾಶೆಯ ಮೇಲೆ ಸೂರತ್‌ನ ತಾಪಿ ನದಿಯನ್ನು ಎಷ್ಟೋ ಸಲ ತೋರಿಸಿದ್ದಳು. ಅದರ ದಂಡೆಗೆ ಮಾತ್ರ ಹೋಗಿರಲಿಲ್ಲ.

---

ಅವನ ಹೆಸರು ಸೊಹ್ರಾಬ್. ಎಲ್ಲರೂ ಸೋಲಿ ಎನ್ನುತ್ತಿದ್ದರು.

ಸೂರತ್‌ನಿಂದ ಯೂನಿವರ್ಸಿಟಿಯಲ್ಲಿ ಓದಲು ಬಂದವನು ತಿಂಡಿಗೆ ನವದುರ್ಗಾಕ್ಕೆ ಬರುತ್ತಿದ್ದ. ಒಂದು ದಿನ ಒಳಗೆ ಅಣ್ಣತಂಗಿ ಹಾಡಿಕೊಳ್ಳುವುದು ಕೇಳಿ, ಇಡ್ಲಿ ಅರ್ಧಕ್ಕೆ ಬಿಟ್ಟು, ಅಡುಗೆಮನೆ ಬಾಗಿಲಿಗೇ ಬಂದು ನಿಂತಿದ್ದ. ಮಾರನೆಯ ದಿನ ಗಿಟಾರ್ ಹೊತ್ತುಕೊಂಡೇ ಬಂದ.

ರೈಲ್ವೆ ಇನ್‌ಸ್ಟಿಟ್ಯೂಟಿನ ಡಾನ್ಸು, ಕಾಲೇಜು ಡೇ, ಪಾರ್ಸಿ ಮಕ್ಕಳ ದೀಕ್ಷೆಯಾದ ನವಜೋತಿನ ಪಾರ್ಟಿ, ಎಲ್ಲೆಲ್ಲೂ ಮೂವರೂ ಹೋದರು. ಇಂಗ್ಲಿಷ್ ಹಾಡು, ಹಿಂದಿ ಹಾಡು. ಸೋಲಿಯೇ ಹಟ ಹಿಡಿದು ಎರಡು ಕನ್ನಡ ಹಾಡು ಮಾಡಿಸಿದ. ಅವನು ಗುಜರಾತಿಯಲ್ಲಿ ಭಾವ ಹೇಳುವುದು, ಅವಳು ಕನ್ನಡದ ಮಾತು ಕೊಡುವುದು.

"ನಿನ್ನ ಹೆಸರಿಗೆ ನಮ್ಮ ಭಾಷೆಯಲ್ಲಿ ಏನರ್ಥ ಗೊತ್ತುಂಟಾ?" ಒಮ್ಮೆ ಅವಳು ಕೇಳಿದ್ದಳು. "ಸೋಲಿ ಅಂದರೆ, ದಯವಿಟ್ಟು ಸೋತುಬಿಡಿ ಅಂತ."

"ಯಾರಿಗೆ?"

"ಯಾರಿಗಾದರೂ."

"ಯಾರಿಗಾದರೂ ಯಾಕೆ? ಆಗಲೇ ಸೋತಾಗಿದೆ," ಎಂದು ಅವನು ಗಿಟಾರಿನ ತಂತಿ ಬಿಗಿಮಾಡುತ್ತ, ತಲೆ ಎತ್ತದೆ, ರೆಪ್ಪೆ ಮಾತ್ರ ಎತ್ತಿ ನೋಡಿದ್ದ. ಹೇಮಲತಾ ಹಾಲಿನ ಪಾತ್ರೆ ನೋಡಲು ಒಳಗೆ ಓಡಿದ್ದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ವೇದಿಕೆಯ ಮೇಲೆ ಅವಳು ಅಣ್ಣನ ಪಕ್ಕ ನಿಂತು ಹಾಡುತ್ತಿದ್ದಳು. ಅಣ್ಣತಂಗಿ ಪ್ರೇಮಗೀತೆ ಹಾಡುವುದೆಂದರೆ ಒಂದು ಬಗೆಯ ಮುಜುಗರ. ಅದಕ್ಕೇ ಸುಬ್ಬಣ್ಣ ಕಣ್ಣು ಮುಚ್ಚಿ ಹಾಡುತ್ತಿದ್ದ. ಹೇಮಲತಾ ಕಣ್ಣು ತೆರೆದು, ಅಣ್ಣನ ಭುಜದಾಚೆ ಹಾಡುತ್ತಿದ್ದಳು. ಅಲ್ಲಿ ಗಿಟಾರ್ ಇತ್ತು.

ಸುಬ್ಬಣ್ಣನಿಗೆ ಉಗ್ಗು. ಒಂದು ಮಾತು ಹೊರಬರಬೇಕಾದರೆ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬರುತ್ತಿತ್ತು. ಶಾಲೆಯಲ್ಲಿ ಹುಡುಗರು ಅವನ ಮಾತು ಅಣಕಿಸಿ ಅಣಕಿಸಿ ಅವನನ್ನು ಮೂಗನನ್ನಾಗಿಯೇ ಮಾಡಿದ್ದರು. ಆದರೆ ಹಾಡುವಾಗ ಉಗ್ಗು ಇಲ್ಲ. ತಂಗಿ ಪಕ್ಕದಲ್ಲಿದ್ದು, ಅವಳ ಬೆರಳು ಅವನ ಮಣಿಕಟ್ಟಿನ ಮೇಲೆ ತಾಳ ಹಾಕುತ್ತಿದ್ದರೆ ನೀರು ಹರಿದಂತೆ ಹಾಡುತ್ತಿದ್ದ. ಒಮ್ಮೆ ಅವಳಿಗೆ ಜ್ವರ ಬಂದು ಒಬ್ಬನೇ ವೇದಿಕೆ ಹತ್ತಿದವನು, ಮೊದಲ ಸಾಲಿಗೇ ತಡವರಿಸಿ ಕೆಳಗಿಳಿದು ಬಂದು, ವಾರಗಟ್ಟಲೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಬೊಂಬಾಯಿಯ ಸಣ್ಣದೊಂದು ಕಂಪನಿ ಅವರ ಎಲ್‌ಪಿಗೆ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿತು. ಕವರ್ ಅಚ್ಚಾಗುವ ಮೊದಲು, ಕಮಾಟಿ ಬಾಗ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಸೋಲಿ ಕೇಳಿದ.

"ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿ ನನಗೆ ಕೆಲಸ ಸಿಕ್ಕಿದೆ. ನೀನೂ ಬಾ. ಮದುವೆಯಾಗೋಣ. ನಮ್ಮವರು ಕೂಗಾಡಲಿ, ನಿಮ್ಮವರೂ ಕೂಗಾಡಲಿ. ಒಂದು ವರ್ಷ ಕೂಗಾಡಿ ಸುಮ್ಮನಾಗ್ತಾರೆ."

"ಆಗುವುದಿಲ್ಲ ಸೋಲಿ."

"ಯಾಕೆ? ನಾನು ಪಾರ್ಸಿ ಅಂತಲಾ?"

ಅಣ್ಣನ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಸೋಲಿ ಅದನ್ನು ಸುಬ್ಬಣ್ಣನ ಹತ್ತಿರ ಎತ್ತಿಯಾನು. ತನ್ನಿಂದ ತಂಗಿಯ ಬಾಳು ಕೆಟ್ಟಿತೆಂದು ಗೊತ್ತಾದರೆ ಸುಬ್ಬಣ್ಣ ಹಾಡುವುದನ್ನೂ ಬಿಟ್ಟಾನು. ಅವಳು ಸುಮ್ಮನೆ ಕೂತಳು. ಆ ಮೌನವನ್ನು ಅವನು ಹೌದೆಂದು ತಿಳಿದ.

"ಸರಿ," ಎಂದು ಎದ್ದ. "ರೆಕಾರ್ಡಿನ ಮೇಲೆ ನನ್ನ ಹೆಸರು ಹಾಕಬೇಡಿ ಅಂತ ಹೇಳಿಬಿಡು. ನಿಮ್ಮಿಬ್ಬರದು ಸಾಕು."

ಅವನು ಹೋದ ಮೇಲೆ ಅಣ್ಣತಂಗಿ ಒಟ್ಟಿಗೆ ಹಾಡಿದ್ದು ಒಂದೇ ವರ್ಷ. ಅಪ್ಪನಿಗೆ ಲಕ್ವ ಹೊಡೆದು ಸುಬ್ಬಣ್ಣ ಗಲ್ಲೆಗೆ ಕೂತ. ಆಮೇಲೆ ಯಶೋದಾ ಎಂಬ ಒಳ್ಳೆಯ ಹುಡುಗಿ ಅವನ ಹೆಂಡತಿಯಾಗಿ ಬಂದು, ಅವನ ಮಾತುಗಳನ್ನೆಲ್ಲ ತಾನೇ ಆಡತೊಡಗಿದಳು. ಗಿರಾಕಿಗಳಿಗೆ ಅವನ ನಗುವೇ ಸಾಕಾಗುತ್ತಿತ್ತು. ಅವನು ಸುಖವಾಗಿಯೇ ಇದ್ದ. ಯಾವುದಕ್ಕಾಗಿ ಹೇಮಲತಾ ತನ್ನ ಬಾಳನ್ನು ಬದಿಗಿಟ್ಟಳೋ ಅದು ಒಂದೇ ವರ್ಷದಲ್ಲಿ ಮುಗಿದುಹೋಗಿತ್ತು.

---

"ಅತ್ತೆ, ಇದೆಲ್ಲ ಯಾಕೆ ಈಗ?" ಪೂಜಾಳ ಕನ್ನಡಕ್ಕೆ ಸದಾ ಅರ್ಧ ಹಿಂದಿಯ ಒಗ್ಗರಣೆ. "ಪಪ್ಪಾಗೆ ಮಾತೇ ಬರ್ತಿರ್ಲಿಲ್ಲ. ಇದೊಂದೇ ಚೀಜ್ ಥೀ ಅವರದ್ದು, ಹಾಡು. ಅದೂ ಬೇರೆಯವರದ್ದು ಅಂತ ಪ್ರಿಂಟ್ ಮಾಡ್ತೀರಾ?"

"ಹಾಡಿದ್ದು ನಿನ್ನ ಅಪ್ಪನೇ ಮಗಾ. ಅದನ್ನು ಯಾರೂ ತೆಗೆಯುವುದಿಲ್ಲ."

"ಮತ್ತೆ? ಅವರು ನಿಮಗೆ ಕೌನ್?"

ಹೇಮಲತಾ ಸೆರಗಿನ ಅಂಚು ಮಡಚತೊಡಗಿದಳು. ಪೂಜಾ ಅತ್ತೆಯ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ಜಡೆ ಹಾಕಿ, ಹೋಂವರ್ಕ್ ಮಾಡಿಸಿ, ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟ ಅತ್ತೆ. ಆ ಮುಖದಲ್ಲಿ ಇಂಥ ನಾಚಿಕೆಯನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ಪೂಜಾ ಫೋನ್ ಕೈಗೆತ್ತಿಕೊಂಡಳು. "ಸೂರತ್‌ಗೆ ಬೆಳಿಗ್ಗೆ ಟ್ರೈನ್ ಬುಕ್ ಮಾಡ್ಲಾ? ವಿಂಡೋ ಸೀಟ್?"

---

ಸೂರತ್‌ನ ನಾನ್‌ಪುರಾದ ಗಲ್ಲಿಯೊಂದರಲ್ಲಿ, ಪಾರ್ಸಿ ಟೀಚರ್ ಹೇಳಿದ್ದ ವಿಳಾಸದಲ್ಲಿ, ಹೊಸ್ತಿಲ ಮುಂದೆ ರಂಗೋಲಿಯ ಮೀನು ಬಿಡಿಸಿದ್ದ ಹಳೆಯ ಮನೆ. ಹೇಮಲತಾ ಬೆಲ್ ಒತ್ತಿದಳು. ಮತ್ತೆ ಒತ್ತಿದಳು. ಒಳಗೆ ಬೆಲ್ಲಿನ ಸದ್ದಿನ ಬದಲು ಬಲ್ಬೊಂದು ಮಿಣುಕಿದ್ದು ಕಿಟಕಿಯಿಂದ ಕಂಡಿತು. ಆಮೇಲೆ ಚಪ್ಪಲಿ ಎಳೆಯುವ ಸದ್ದು.

ಬಾಗಿಲು ತೆರೆದವನು ಎತ್ತರವಾಗಿಯೇ ಇದ್ದ. ಮೈ ಮಾತ್ರ ಇಳಿದು ಅಂಗಿಯೊಳಗೆ ಗಾಳಿ ಆಡುತ್ತಿತ್ತು.

"ನಾನು ಹೇಮ," ಎಂದಳು.

"ಟ್ಯೂಷನ್ ನಿಲ್ಲಿಸಿ ಮೂರು ವರ್ಷ ಆಯಿತು ಬೆಹನ್," ಎಂದ ಅವನು ಗುಜರಾತಿಯಲ್ಲಿ. "ಮಕ್ಕಳಿಗೆ ಬೇರೆ ಯಾರನ್ನಾದರೂ ನೋಡಿ."

"ಸೋಲಿ, ನಾನು! ಹೇಮ! ಬರೋಡಾ!" ಅವಳು ಕಿರುಚಿದಳು.

ಅವನು ಕಿವಿಗೆ ಕೈ ಅಡ್ಡ ಹಿಡಿದು, ಅವಳ ತುಟಿಗಳನ್ನು ನೋಡಿದ. ತುಟಿಗಳಿಂದ ನೋಟ ಕಣ್ಣಿಗೆ ಏರಿತು. ಅಲ್ಲೇ ನಿಂತಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಎಂಥದು ಬೇಕು?" ಎಂದ ಕನ್ನಡದಲ್ಲಿ. ನವದುರ್ಗಾದ ಮಾಣಿಗಳಿಂದ ಅವನು ಕಲಿತ ಮೊದಲ ಕನ್ನಡ ಅದು.

"ಒಂದು ಕಾಫಿ," ಎಂದಳು ಅವಳು.

ಕಾಫಿ ಇರಲಿಲ್ಲ. ಪುದೀನ, ನಿಂಬೆಹುಲ್ಲು ಹಾಕಿ ಚಹಾ ಮಾಡಿದ. ಜೊತೆಗೆ ನಾನ್‌ಖಟಾಯ್ ಬಿಸ್ಕತ್ತು ಇಟ್ಟ. ಕಿವಿಯ ಮೆಷಿನ್ ಹಾಕಿಕೊಂಡು ಮುಖ ಸಿಂಡರಿಸಿ ಮತ್ತೆ ತೆಗೆದ. "ಇದು ಹಾಕಿದರೆ ಊರಿನ ಕಾಗೆಗಳೆಲ್ಲ ತಲೆಯೊಳಗೆ ಬರ್ತವೆ," ಎಂದು ನಕ್ಕ. "ಗಂಡಸರ ಮಾತು ಒಂದಿಷ್ಟು ತಿಳಿಯುತ್ತೆ. ಮಕ್ಕಳದು, ಹೆಂಗಸರದು ಬರೀ ಬಾಯಿ ಆಡಿದ ಹಾಗೆ ಕಾಣುತ್ತೆ. ಮಗಳು ರೋಶನ್ ಹಜೀರಾದಲ್ಲಿ ಡಾಕ್ಟರ್. ದಿನಾ ಬಂದು ಕೂಗಾಡಿ ಹೋಗ್ತಾಳೆ. ಪಾಪ, ಅವಳ ಗಂಟಲು ನೋಯೋದೇ ಬಂತು."

ಹೇಮಲತಾ ರೆಕಾರ್ಡಿನ ವಿಷಯವನ್ನು ಗುಜರಾತಿಯಲ್ಲಿ ಚೀಟಿಯ ಮೇಲೆ ಬರೆದು ತೋರಿಸಿದಳು. ಅವನು ಓದಿದ, ಮತ್ತೊಮ್ಮೆ ಓದಿದ. ಅವಳು ಆಶ್ರಿತಾ ಕೊಟ್ಟಿದ್ದ ಪುಟ್ಟ ಸ್ಪೀಕರನ್ನು ಮೇಜಿನ ಮೇಲಿಟ್ಟು ಹಾಡು ಹಾಕಿ ದನಿಯನ್ನು ಪೂರ್ತಿ ಏರಿಸಿದಳು.

ಸೋಲಿ ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದ. ಹಣೆಯ ಗೆರೆಗಳು ಒಮ್ಮೆಲೇ ಸಡಿಲಾದವು. "ಸುಬ್ಬು!" ಎಂದ ಮಗುವಿನ ಹಾಗೆ. "ಸುಬ್ಬು ಹಾಡ್ತಿದ್ದಾನೆ!"

ಅವಳು ಕಾದಳು. ಹಾಡು ಮುಂದೆ ಹೋಯಿತು. ಅವನ ಕಣ್ಣು ಅವಳ ಕಡೆ ತಿರುಗಿ, ಬೇಡುವವನ ಕಣ್ಣಿನ ಹಾಗೆ ಆಯಿತು.

"ನೀನು ಯಾವಾಗ ಬರ್ತೀಯ?"

ಸ್ಪೀಕರಿನಲ್ಲಿ ಆಗ ಅವಳೊಬ್ಬಳದೇ ದನಿ ಇತ್ತು. ತಾರಕಕ್ಕೆ ಏರಿ, ಬಾ ಎನ್ನುವಲ್ಲಿ ತುಸು ನಡುಗುತ್ತಿತ್ತು. ಅವಳು ತನ್ನ ಎದೆಯನ್ನು ತೋರಿಸಿ, ಸ್ಪೀಕರ್ ತೋರಿಸಿ, ಇದೇ, ಇದೇ ಎಂದಳು. ಅವನು ಉಸಿರು ಬಿಗಿಹಿಡಿದು ಕೇಳಿದ. ಮೆಲ್ಲಗೆ ತಲೆ ಆಡಿಸಿದ.

"ಸುಬ್ಬು ಕೇಳಿಸ್ತಾನೆ ಹೇಮ. ನೀನು ಕೇಳಿಸ್ತಾ ಇಲ್ಲ."

ಹೇಮಲತಾ ಹಾಡು ನಿಲ್ಲಿಸಿದಳು. ಹೊರಗೆ ಗಲ್ಲಿಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು. ಅವಳಿಗೆ ಸುಸ್ತಾಯಿತು. ಕುರ್ಚಿಗೆ ಒರಗಿ, ಹೇಗೂ ಅವನಿಗೆ ಕೇಳುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಗುಜರಾತಿಯಲ್ಲೇ ತನಗೆ ತಾನೇ ಹೇಳಿಕೊಳ್ಳುವಂತೆ ತಗ್ಗಿದ ದನಿಯಲ್ಲಿ ಹೇಳಿದಳು:

"ಅವತ್ತೂ ಹೀಗೇ ಆದದ್ದು ಸೋಲಿ. ಸುಬ್ಬಣ್ಣನಿಗಾಗಿಯೇ ನಾನು ಬರಲಿಲ್ಲ. ನೀನು ಪಾರ್ಸಿ ಅಂತ ಅಲ್ಲ. ನಾನು ಬಂದುಬಿಟ್ಟರೆ ಅವನು ಹಾಡುವುದಿಲ್ಲ, ಹಾಡದಿದ್ದರೆ ಅವನಿಗೆ ಬೇರೆ ಬಾಯಿ ಇಲ್ಲ ಅಂತ. ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಆಮೇಲೆ ನಾನು ಹಾಗೆ ನೋಡಲಿಲ್ಲ."

ಸೋಲಿಯ ಚಹಾದ ಬಟ್ಟಲು ತಟ್ಟೆಗೆ ತಾಗಿ ಸದ್ದಾಯಿತು.

"ಕೇಳಿತು," ಎಂದ.

ಅವಳು ಬೆಚ್ಚಿಬಿದ್ದಳು.

"ನಿನ್ನ ದನಿ ದಪ್ಪ ಆಗಿದೆ ಹೇಮ. ಕಿರುಚಿದರೆ ಕೇಳಲ್ಲ. ಹೀಗೆ ಹೇಳಿದರೆ... ಎಲ್ಲ ಕೇಳಿತು." ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಹುಚ್ಚಿ. ಆವತ್ತೇ ಹೇಳಿದ್ದರೆ ನಾನು ಬರೋಡಾದಲ್ಲೇ ಇರುತ್ತಿದ್ದೆ."

ಅಷ್ಟು ಸುಲಭದ ಮಾತು ಅದು. ಇಡೀ ಆಯುಷ್ಯದಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ತಾನು ಹೋಗಬೇಕು, ಇಲ್ಲವೇ ಅವನನ್ನು ಕಳೆದುಕೊಳ್ಳಬೇಕು, ಎರಡೇ ದಾರಿ ಎಂದುಕೊಂಡಿದ್ದಳು. ಅವನೂ ಇರಬಹುದಿತ್ತು. ಮೂವರೂ ಇರಬಹುದಿತ್ತು. ಹೇಮಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೋಲಿ ಎದ್ದು ಬಂದು, ಎಲ್ಲಿ ಮುಟ್ಟಬೇಕೆಂದು ತಿಳಿಯದವನಂತೆ ಕೊಂಚ ಹೊತ್ತು ನಿಂತು, ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟ.

"ಎಷ್ಟು ಬಿಳಿ ಮಾಡಿಕೊಂಡಿದ್ದೀಯ ಕೂದಲು," ಎಂದ. "ನಾನಿಲ್ಲದಾಗ."

---

ಚಳಿಗಾಲವಿಡೀ ಅವಳು ಗುರುವಾರ ಗುರುವಾರ ಸೂರತ್‌ಗೆ ಹೋದಳು. ಭರೂಚ್‌ನಲ್ಲಿ ನರ್ಮದೆ ದಾಟುವಾಗ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಳು. ಪೂಜಾ ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಡುವಳು. "ಅತ್ತೆ, ಲಿಪ್‌ಸ್ಟಿಕ್?" ಎಂದು ಕಣ್ಣು ಮಿಟುಕಿಸುವಳು. "ಹೋಗೇ!" ಎಂದು ಅತ್ತೆ ಗದರುವಳು. ಒಂದು ಗುರುವಾರ ಮಾತ್ರ ಕೊಂಚ ಹಚ್ಚಿಕೊಂಡೇ ಹೋದಳು. ಸೋಲಿ ನೋಡಿ ಏನೂ ಹೇಳದೆ, ಕನ್ನಡಕ ಒರೆಸಿ ಒರೆಸಿ ಮತ್ತೆ ಮತ್ತೆ ಹಾಕಿಕೊಂಡ.

ತಾಪಿಯ ದಂಡೆಯ ಬೆಂಚಿನ ಮೇಲೆ ಕೂತು ಅವಳು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ನೋಡಿದವರಿಗೆ ಗುಟ್ಟು ಹೇಳಿದಂತೆ ಕಾಣಬೇಕು. ಅವಳು ಹೇಳುತ್ತಿದ್ದದ್ದು ಬದನೆಕಾಯಿಯ ರೇಟು, ಪೂಜಾಳ ಮಗನ ಪರೀಕ್ಷೆ.

"ಹೆಂಡತಿ ಒಳ್ಳೆಯವಳಿದ್ದಳಾ?" ಒಮ್ಮೆ ಕೇಳಿದಳು.

"ತುಂಬಾ. ದೀನಾಗೆ ಎಲ್ಲ ಹೇಳಿದ್ದೆ. 'ಬರೋಡಾದವಳು ನಿನ್ನನ್ನು ಬಿಟ್ಟದ್ದು ನನ್ನ ಅದೃಷ್ಟ' ಅನ್ನುತ್ತಿದ್ದಳು." ಅವನು ನದಿ ನೋಡಿದ. "ನಾನು ಅವಳಿಗೆ ಮೋಸ ಮಾಡಲಿಲ್ಲ ಹೇಮ. ಚೆನ್ನಾಗಿಯೇ ಬಾಳಿದೆವು. ಆದರೆ ಹೊಸ ಹಾಡು ಮಾತ್ರ ಮಾಡಲಿಲ್ಲ."

ಹೆಸರು ಹಾಕಲು ಅವನು ಸುಲಭಕ್ಕೆ ಒಪ್ಪಲಿಲ್ಲ. "ಬೇಡ ಅಂದವನು ನಾನೇ. ಆಡಿದ ಮಾತು."

"ಸೋಲಿ," ಎಂದಳು ಅವಳು.

"ಏನು?"

"ಕರೆಯಲಿಲ್ಲ. ಕನ್ನಡದಲ್ಲಿ ಹೇಳಿದೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಒಪ್ಪಿದ.

---

ಫೆಬ್ರವರಿಯ ಒಂದು ಭಾನುವಾರ ಸಂಜೆ, ಅಹಮದಾಬಾದಿನ ಬೋಡಕ್‌ದೇವ್‌ನ ಸಣ್ಣದೊಂದು ಹಾಲ್‌ನಲ್ಲಿ ಬಿಡುಗಡೆ. ರೋಶನ್ ತಂದೆಯನ್ನು ಕಾರಿನಲ್ಲಿ ಕರೆತಂದಿದ್ದಳು. ಅವನು ಹಳೆಯ ಸೂಟು ಹಾಕಿ, ಕುತ್ತಿಗೆಗೆ ಕೆಂಪು ಬೋ ಟೈ ಕಟ್ಟಿಕೊಂಡಿದ್ದ. ಬೋ ಓರೆಯಾಗಿತ್ತು. ಹೇಮಲತಾ ಎಲ್ಲರ ಎದುರೇ ಸರಿಮಾಡಿದಳು. ಪೂಜಾ ಹೊಸ ಕವರನ್ನು ಕೈಯಲ್ಲಿ ಹಿಡಿದು, ಅಪ್ಪನ ಎಳೆಯ ಮುಖದ ಮೇಲೆ ಬೆರಳಾಡಿಸಿ, ಕೆಳಗಿನ ಸಾಲನ್ನು ಅಕ್ಷರ ಕೂಡಿಸಿ ಓದಿದಳು. ಹಾಡು: ಹೇಮ, ಸುಬ್ಬು. ಗಿಟಾರ್ ಮತ್ತು ಸಂಗೀತ: ಸೋಲಿ. ಹೋಗಿ ಸೋಲಿಯ ಕಾಲು ಮುಟ್ಟಿ ನಮಸ್ಕರಿಸಿದಳು. "ಪಪ್ಪಾ ಹಾಡಿದ್ದು ನಿಮ್ಮಿಂದ," ಎಂದಳು. ಅವನಿಗೆ ಕೇಳಲಿಲ್ಲ. ಆದರೂ ಅವಳ ಕೆನ್ನೆ ತಟ್ಟಿದ.

ಆಶ್ರಿತಾ ದೀಪ ತಗ್ಗಿಸಿ ರೆಕಾರ್ಡಿನ ಮೇಲೆ ಮುಳ್ಳು ಇಟ್ಟಳು. ಹಾಲ್ ತುಂಬ ಹತ್ತೊಂಬತ್ತರ ಹುಡುಗಿಯ ದನಿ ಹರಡಿತು. ಹರೆಯದವರು ಕಣ್ಣು ಮುಚ್ಚಿ ತೂಗುತ್ತಿದ್ದರು. ಮೊದಲ ಸಾಲಿನಲ್ಲಿ ಸೋಲಿ ನೆಟ್ಟಗೆ ಕೂತಿದ್ದ. ಸುಬ್ಬುವಿನ ಸಾಲು ಬಂದಾಗ ಮುಖ ಅರಳುವುದು. ಹೇಮಳ ಸಾಲು ಬಂದಾಗ ಕಾಯುವವನ ಹಾಗೆ ಆಗುವುದು.

ಹೇಮಲತಾ ಅವನ ಕಡೆ ಬಾಗಿದಳು. ಕಿವಿಯ ಹತ್ತಿರ ತುಟಿ ತಂದು, ತನ್ನ ಒಡೆದ, ದಪ್ಪ, ಮುದಿ ದನಿಯಲ್ಲಿ, ಅದೇ ಸಾಲನ್ನು ಕೆಳಗಿನ ಶ್ರುತಿಗೆ ಇಳಿಸಿ ಹಾಡಿದಳು. *ಬರುವೆಯೆಂದರೆ ಬಾ, ಹೊತ್ತು ಮೀರಿಲ್ಲ.* ಹಾಲ್‌ಗೆ ಆ ಹುಡುಗಿ. ಅವನೊಬ್ಬನಿಗೆ ಈ ಮುದುಕಿ.

ಸೋಲಿ ಅಲುಗಲಿಲ್ಲ. ಅವನ ಎಡಗೈ ಬೆರಳುಗಳು ತೊಡೆಯ ಮೇಲೆ ತಂತಿ ಒತ್ತುವಂತೆ ಒಂದೊಂದಾಗಿ ಆಡುತ್ತಿದ್ದವು. ಕಣ್ಣೀರು ಬೋ ಮೇಲೆ ಇಳಿಯಿತು.

---

ಏಪ್ರಿಲ್‌ನಲ್ಲಿ, ಬುಧವಾರ ಮಧ್ಯಾಹ್ನ, ಊಟ ಮಾಡಿ ಮಲಗಿದ ಸೋಲಿ ಏಳಲಿಲ್ಲ. ರೋಶನ್ ಫೋನ್ ಮಾಡಿದಾಗ ಹೇಮಲತಾ ಗುರುವಾರದ ನೀರುದೋಸೆಗೆಂದು ಅಕ್ಕಿ ನೆನೆಹಾಕುತ್ತಿದ್ದಳು.

ಪಾರ್ಸಿಗಳು ಶವವನ್ನು ಒಪ್ಪಿಸುವ ಕೊನೆಯ ಗೋಪುರದ ಜಾಗದಲ್ಲಿ ಬೇರೆಯವರಿಗೆ ಒಂದು ಮಿತಿಯವರೆಗೆ ಮಾತ್ರ ಪ್ರವೇಶ. ಪ್ರಾರ್ಥನೆ ಮುಗಿದ ಮೇಲೆ ಹೊರಗಿನವರು ತೀರಿಕೊಂಡವರ ಮುಖವನ್ನೂ ನೋಡುವಂತಿಲ್ಲ. ಅಷ್ಟು ವರ್ಷ ದೂರವಿದ್ದದ್ದಕ್ಕೆ ಕಾರಣವಾಗದ ಧರ್ಮ ಈಗ ಅವಳನ್ನು ಹೊರಗೆ ಕೂರಿಸಿತು. ಬೇವಿನ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಅವಳು ಮತ್ತು ಪೂಜಾ ಕೂತರು. ಬಿಳಿಯ ಬಟ್ಟೆಯವರು ಅವನನ್ನು ಹೊತ್ತು ಸಾಲಾಗಿ ಮೇಲೆ ನಡೆದುಹೋದರು. ಹೇಮಲತಾ ಎದ್ದು ನಿಂತಳು. ಕಾಣದಾಗುವವರೆಗೂ ನಿಂತೇ ಇದ್ದಳು.

ಎಲ್ಲ ಮುಗಿದ ಮೇಲೆ ರೋಶನ್ ಬಂದು ಪಕ್ಕದಲ್ಲಿ ಕೂತಳು.

"ಆಂಟಿ, ಒಂದು ಕೇಳ್ತೀನಿ. ಡ್ಯಾಡಿಗೆ ನಿಮ್ಮ ಮಾತು ಹೇಗೆ ಕೇಳ್ತಿತ್ತು? ನಾನು ಎಷ್ಟು ಕೂಗಿದರೂ ಕೇಳ್ತಾನೇ ಇರ್ಲಿಲ್ಲ."

"ಕೂಗಬಾರದಿತ್ತು ಮಗಾ. ದನಿ ತಗ್ಗಿಸಿ, ನಿಧಾನಕ್ಕೆ ಹೇಳಬೇಕಿತ್ತು."

ಹೇಳಿದ ಕೂಡಲೇ ಹೇಳಬಾರದಿತ್ತು ಅನಿಸಿತು. ರೋಶನ್ ಅವಳ ಕೈ ಹಿಡಿದುಕೊಂಡಳು. "ನಾನು ಡಾಕ್ಟರ್. ನನಗೆ ಗೊತ್ತಿರಬೇಕಿತ್ತು. ಕೊನೆಯ ದಿನವೂ ಮಾತ್ರೆ ತಗೊಂಡ್ರಾ ಅಂತ ಕೂಗಿ ಬಂದೆ," ಎಂದು ಅಳತೊಡಗಿದಳು. ಹೇಮಲತಾ ಅವಳನ್ನು ಎದೆಗೊರಗಿಸಿಕೊಂಡಳು. ತನಗೆ ಆಗದ ಮಗಳು, ಅವನ ಮೂಗು, ಅವನ ಹುಬ್ಬು. ತನಗೂ ಗೊತ್ತಿರಬೇಕಾದದ್ದು ಒಂದಿತ್ತಲ್ಲ ಎಂದು ನೆನೆದು, ಬೆನ್ನು ಸವರುತ್ತ ಕೂತಳು. ಅವಳೂ ಆಗ ಅತ್ತಳು.

ಸಂಜೆ ವಡೋದರಾಕ್ಕೆ ಮರಳಿದಾಗ ನವದುರ್ಗಾದಲ್ಲಿ ಗಿರಾಕಿಗಳು ಕಡಿಮೆ ಇದ್ದರು. ಪೂಜಾ ಅತ್ತೆಯನ್ನು ಮೂಲೆಯ ಟೇಬಲಿನಲ್ಲಿ ಕೂರಿಸಿ, ಕಾಫಿ ತಂದಿಟ್ಟು, ಕೇಳಿದಳು: "ರೆಕಾರ್ಡ್ ಹಾಕ್ಲಾ? ಬೇಡವಾ?"

"ಹಾಕು."

ಹಾಡು ಶುರುವಾಯಿತು. ಹೇಮಲತಾ ತನ್ನ ದನಿಯನ್ನು ಹೋಗಗೊಟ್ಟಳು. ಸುಬ್ಬಣ್ಣನ ದನಿಯನ್ನೂ ಹೋಗಗೊಟ್ಟಳು. ಅವೆರಡರ ಹಿಂದೆ, ಯಾರೂ ಗಮನಿಸದಷ್ಟು ಮೆತ್ತಗೆ, ಅವರಿಬ್ಬರೂ ಎಡವದಂತೆ ಕೈ ಚಾಚಿಕೊಂಡೇ ನಡೆದು ಬರುತ್ತಿದ್ದ ಗಿಟಾರಿಗೆ ಕಿವಿಗೊಟ್ಟಳು. ಮುಂದೆ ಹಾಡುತ್ತಿದ್ದವಳಿಗೆ ಅಂದು ಅದು ಸರಿಯಾಗಿ ಕೇಳಿಸಿರಲಿಲ್ಲ.

ಕಾಫಿ ಆರಿತು. ಹಾಡು ಮುಗಿಯಿತು. "ಇನ್ನೊಮ್ಮೆ ಹಾಕು ಮಗಾ," ಎಂದಳು ಹೇಮಲತಾ, ದನಿ ತಗ್ಗಿಸಿ.